ಮೂವತ್ತೆರಡನೇ ನಂಬರಿನ ಅಂಗಿ

ಅಂಟುವುದಿಲ್ಲ ಇದು, ಈ ಕಾಗದದ ಚೀಟಿ, ಸ್ವೆಟರಿಗೆ ಒತ್ತಿದಷ್ಟೂ ಒಂದು ಮೂಲೆ ಏಳುತ್ತದೆ, ಬರ್ನಾರ್ಡ್ ಯುರ್ಕೋನಿಸ್ ಎಂದು ದುಂಡಗೆ ಬರೆದಿದ್ದಾಳೆ ಲೂಯೆಲಾ, ಹಳೇ ಆಟಗಾರರ ಈ ಕೂಟ ಕರೆದವಳು, ಕೆಳಗೆ ಮೂವತ್ತೆರಡು, ನೋಡು, ಮೂವತ್ತೆಂಟು ವರ್ಷವಾದ ಮೇಲೆ ನನ್ನ ಹೆಸರೂ ಆ ಅಂಕಿಯೂ ಒಂದೇ ಚೀಟಿಯಲ್ಲಿ ಕೂತಿವೆ, ಖುಷಿಯಾಗಬೇಕಿತ್ತು, ಆಗುತ್ತಲೂ ಇದೆ, ಮತ್ತೆ ಮುಂದಿನ ತಟ್ಟೆ ಯಾಕೆ ಮುಟ್ಟಿಲ್ಲ — ಹಲುಶ್ಕಿಯ ವಾಸನೆ ಸಾಕಾಗಿರಬೇಕು, ಬೆಣ್ಣೆಯಲ್ಲಿ ಬಾಡಿದ ಎಲೆಕೋಸು ಈ ಅಗ್ನಿಶಾಮಕ ದಳದ ಸಭಾಂಗಣದ ಗೋಡೆಗಳಿಗೇ ಹತ್ತಿಬಿಟ್ಟಿದೆ, ಮದುವೆಯ ಊಟಕ್ಕೂ ಅದೇ, ಸಾವಿನ ಊಟಕ್ಕೂ ಅದೇ, ಮಾರ್ಚಿನಲ್ಲಿ ನಮ್ಮ ತಂಡದ ಎಮಿಲ್ ಹುಡಾಕ್‌ನನ್ನು ಮಣ್ಣು ಮಾಡಿ ಬಂದು ಇದೇ ಮೇಜಿನಲ್ಲಿ ಕೂತು ಎರಡು ತಟ್ಟೆ ತಿಂದೆ. ಇವತ್ತಿನದು ಎಲೆಕೋಸಿನಿಂದಲ್ಲ. ಬಾಗಿಲಲ್ಲೇ ನಿಲ್ಲಿಸಿ ಹೇಳಿದಳಲ್ಲ ಲೂಯೆಲಾ, ಕ್ಲೇಟನ್ ರೋಥರ್ ಬರ್ತಿದಾರೆ, ಅವ್ರ ತಂಗಿ ವ್ಯಾನಲ್ಲಿ ಕರ್ಕೊಂಡ್ ಬರ್ತಾಳಂತೆ, ಹನ್ನೆರಡೂವರೆಗೆ, ನಿಮ್ಮನ್ನೇ ನೋಡ್ಬೇಕಂತೆ. ನನ್ನನ್ನೇ. ಕ್ಲೇಟನ್, ಹಾಲ್ಸ್‌ಬರ್ಗ್ ತಂಡದ ಓಟಗಾರ, ನಮ್ಮ ಲೀಗಿನಲ್ಲೇ ಎಲ್ಲರಿಗಿಂತ ಚುರುಕು ಕಾಲಿನವನು, ಅರವತ್ತೈದರ ನವೆಂಬರಿನ ಒಂದು ಭಾನುವಾರ ಚೆಂಡು ಹಿಡಿದು ಓಡುತ್ತಿದ್ದವನು ಹೊಡೆತ ತಿಂದು ಬಿದ್ದ, ಬಿದ್ದವನು ಮತ್ತೆ ತನ್ನ ಕಾಲ ಮೇಲೆ ನಿಲ್ಲಲೇ ಇಲ್ಲ. ಅವನಿಗೆ ಹೊಡೆದವನ ಬೆನ್ನ ಮೇಲೆ ಮೂವತ್ತೆರಡು ಇತ್ತು. ಗಡಿಯಾರದಲ್ಲಿ ಈಗ ಹನ್ನೆರಡು ಹತ್ತು.

ಲೀಗು ಅಂದರೆ ಏನು ಮಹಾ, ಪೂರ್ವ ಕಣಿವೆ ಫುಟ್‌ಬಾಲ್ ಲೀಗ್ ಎಂದು ಹೆಸರು ದೊಡ್ಡದು, ಚೆಂಡು ಅಪ್ಪಿಕೊಂಡು ಓಡುವವನನ್ನು ಗುದ್ದಿ ಕೆಡವುವ ಅಮೆರಿಕದ ಆಟ, ಊರು ಆರು, ಆಯಸ್ಸು ಎರಡು ವರ್ಷ, ಅದರಲ್ಲೂ ಎರಡನೇ ವರ್ಷಕ್ಕೆ ಎರಡು ಊರು ಕೈಯೆತ್ತಿದವು, ಕಡೆಗೆ ನಾಲ್ಕೇ ತಂಡ ಸುತ್ತಿ ಸುತ್ತಿ ಆಡಿಕೊಂಡೆವು, ಎದುರಾಳಿಯ ಹೆಂಡತಿ ಮಕ್ಕಳ ಹೆಸರು ಸಮೇತ ಬಾಯಿಪಾಠ. ದೊಡ್ಡ ಲೀಗಿನ ಜನ ಬಂದು ನಮ್ಮನ್ನು ನೋಡಿ ಆರಿಸಿಕೊಂಡು ಹೋಗುತ್ತಾರೆ ಅಂತ ನಂಬಿಕೆ ಬೇರೆ, ಒಬ್ಬನೂ ಬರಲಿಲ್ಲ, ಒಮ್ಮೆ ಟೋಪಿ ಹಾಕಿದವನೊಬ್ಬ ಪುಸ್ತಕ ಹಿಡಿದು ನಿಂತಿದ್ದಕ್ಕೆ ನಾವೆಲ್ಲ ಪ್ರಾಣ ಬಿಟ್ಟು ಆಡಿದೆವು, ಆಮೇಲೆ ಗೊತ್ತಾಯಿತು, ಅವನು ಮೈದಾನದ ಚರಂಡಿ ಅಳೆಯಲು ಬಂದವನು. ನಾನು ವಾರವಿಡೀ ಅಂಗಿ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುತ್ತಿದ್ದೆ, ದಿನಕ್ಕೆ ನಾನೂರು ಅಂಗಿಗೆ ಆಗುವಷ್ಟು, ಆದರೆ ಭಾನುವಾರ ಚರ್ಚಿನ ಪೂಜೆ ಮುಗಿಸಿ ಮೈದಾನಕ್ಕೆ ಹೋದರೆ ನನಗೊಂದು ಸ್ವಂತ ಅಂಗಿ ಇಲ್ಲ. ನಗು ಬರುತ್ತದೆ. ಮುಚ್ಚಿಹೋದ ಯಾವುದೋ ಶಾಲೆಯಿಂದ ನಮ್ಮ ಕೋಲ್ಡರ್‌ಟನ್ ತಂಡಕ್ಕೆ ಸಿಕ್ಕ ಜೆರ್ಸಿ ಇಪ್ಪತ್ತೆರಡು, ನಾವು ಇಪ್ಪತ್ಮೂರು ಜನ, ಕಡೆಯಲ್ಲಿ ಸೇರಿದವನು ನಾನು, ಎಮಿಲ್ ತಾನೇ ಕೈಯೆತ್ತಿ, ಇವ್ನೂ ನಾನೂ ಒಂದೇ ಅಳತೆ, ನಂದ್ರಲ್ಲೇ ಇರ್ಲಿ ಬಿಡಿ ಅಂದ. ಒಂದು ಜೆರ್ಸಿ, ಒಂದು ಹೆಲ್ಮೆಟ್, ಇಬ್ಬರು. ಅವನು ಹೊರಬಂದಾಗ ಬಸ್ಸಿನ ಹಿಂದೆ ಹೋಗಿ ಅದನ್ನು ಕಳಚುವುದು, ನಾನು ತೊಟ್ಟುಕೊಂಡು ಓಡುವುದು, ಲೀಗಿನವರಿಗೆ ಗೊತ್ತಿದ್ದರೂ ಗೊತ್ತಿಲ್ಲದ ಹಾಗೆ ಇದ್ದರು. ಅಚ್ಚಾದ ಪಟ್ಟಿಯಲ್ಲಿ ಮಾತ್ರ ಮೂವತ್ತೆರಡರ ಮುಂದೆ ಎಮಿಲ್ ಹೆಸರೊಂದೇ. ಎರಡು ವರ್ಷ ಮೈ ಮುರಿಸಿಕೊಂಡ ನಾನು ಎಲ್ಲಿಯೂ ಇಲ್ಲ.

ಅದಕ್ಕೇ ತಾನೆ ಕಾಗದ ಬರೆದದ್ದು, ಒಂದಲ್ಲ ಎರಡಲ್ಲ ಒಂಬತ್ತು, ನಿವೃತ್ತಳಾದ ಮೇಲೆ ಲೂಯೆಲಾ ಲೀಗಿನ ಚರಿತ್ರೆ ಬರೆಯುತ್ತಿದ್ದಾಳೆ ಅಂತ ಕೇಳಿದ್ದೇ ತಡ, ಗ್ರಂಥಾಲಯದಲ್ಲಿ ಮೂವತ್ತು ವರ್ಷ ಕೂತವಳು, ಆಧಾರವಿಲ್ಲದೆ ಅಕ್ಷರ ಬರೆಯುವವಳಲ್ಲ, ನಾನೂ ಬಿಡಲಿಲ್ಲ. ಮೊಮ್ಮಗಳು ಅಂದಳಲ್ಲ, ಅಜ್ಜಾ ನೀನು ಆಡೇ ಇಲ್ಲ, ಬರೀ ನೀರು ಕೊಡ್ತಿದ್ದೆ ಅಂತ ಕಾಣತ್ತೆ — ತಮಾಷೆಗೆ ಅಂದದ್ದು, ಆದರೂ ಉರಿಯಿತು. ಒಂಬತ್ತನೇ ಕಾಗದದಲ್ಲಿ ಬರೆದೆ, ನಮ್ಮದೊಂದು ಒಪ್ಪಂದವಿತ್ತು ಮೇಡಂ, ಪ್ರತಿ ಆಟದಲ್ಲೂ ಮೊದಲರ್ಧ ಎಮಿಲ್, ಎರಡನೇ ಅರ್ಧ ನಾನು. ಪ್ರತಿ ಆಟದಲ್ಲೂ. ಯಾಕೆ ಬರೆದೆ ಹಾಗೆ? ಆ ಭಾನುವಾರ ನನ್ನ ತಲೆಯಲ್ಲೇ ಇರಲಿಲ್ಲ, ದೇವರಾಣೆ, ಉಳಿದ ಭಾನುವಾರಗಳನ್ನು ನೆನೆದು ಬರೆದೆ, ಅವಳು ಅಕ್ಷರ ಅಕ್ಷರ ನಂಬಿ ಚೀಟಿ ಬರೆದಳು, ಮತ್ತು ಈಗ ಆ ಫೋಟೋ ತಂದು ಗೋಡೆಗೆ ಹಾಕಿದ್ದಾಳೆ, ಅಗೋ, ಕಾಫಿ ಹಂಡೆಯ ಮೇಲೆ, ಮೂರನೇ ಕಾಲುಭಾಗ ಎಂದು ಕೆಳಗೆ ಬರೆದಿದೆ, ಕ್ಲೇಟನ್ ಗಾಳಿಯಲ್ಲಿ, ಅವನ ಸೊಂಟಕ್ಕೆ ಹೆಗಲು ಕೊಟ್ಟವನ ಬೆನ್ನು ಮಾತ್ರ ಕಾಣುತ್ತದೆ, ಮೂವತ್ತೆರಡು. ಮೂರನೇ ಕಾಲುಭಾಗ ಅಂದರೆ ಎರಡನೇ ಅರ್ಧ. ನನ್ನದೇ ಕೈಬರಹ ನನ್ನನ್ನು ಹಿಡಿದುಕೊಟ್ಟಿತು. ಆ ಬೆನ್ನು ನನ್ನದೇ? ಕನ್ನಡಿಯಲ್ಲಿ ಯಾರು ತಮ್ಮ ಬೆನ್ನು ನೋಡಿಕೊಂಡಿರುತ್ತಾರೆ. ನನಗೆ ನೆನಪಿರುವುದು ವಿರಾಮದ ಹೊತ್ತಿನ ಬ್ಯಾಂಡು, ಆಮೇಲೆ ಒಂದೇ ಸಲ ಬಸ್ಸಿನ ಸೀಟು, ಕೈಯಲ್ಲಿ ಅರ್ಧ ಸುಲಿದ ಕಿತ್ತಳೆ, ಕಾಲ ಬಳಿ ನಾನೇ ಕಾರಿಕೊಂಡದ್ದು, ತಲೆಯೊಳಗೆ ಗುಂಯ್ ಅನ್ನುವ ಸದ್ದು — ನಡುವೆ ಏನೂ ಇಲ್ಲ, ಒಂದನ್ನು ಬಿಟ್ಟು. ಮುಖದ ಮೇಲೆ ಜೆರ್ಸಿ. ಎರಡೂ ಕೈ ಮೇಲಕ್ಕೆ, ಒದ್ದೆ ಬಟ್ಟೆ ಮೂಗಿಗೆ ಮೆತ್ತಿಕೊಂಡಿದೆ, ಕತ್ತಲು, ಉಪ್ಪು, ನೋವಿನೆಣ್ಣೆಯ ಘಾಟು. ತೊಡುತ್ತಿದ್ದೆನೋ, ಕಳಚುತ್ತಿದ್ದೆನೋ.

ತೊಡುತ್ತಿದ್ದರೆ ಅದು ಎಮಿಲ್‌ನ ಬೆವರು, ವಿರಾಮ ಕಳೆದ ಮೇಲೂ ಅವನೇ ಆಡಿದ್ದ, ಹೊಡೆದಾಗಿತ್ತು, ಅವನು ಹೊಡೆದು ಹೊರಬಂದ ಮೇಲೆ ನಾನು ಹೋದದ್ದು. ಕಳಚುತ್ತಿದ್ದರೆ — ಬೇಡ, ಹಾಗಲ್ಲ, ನಿಧಾನವಾಗಿ ಯೋಚಿಸು ಬರ್ನಿ, ನಿನ್ನ ತಲೆಗೆ ಪೆಟ್ಟು ಬಿದ್ದದ್ದು ಯಾವಾಗ, ಕ್ಲೇಟನ್‌ಗೆ ಗುದ್ದಿದಾಗಲೇ ಬಿದ್ದಿದ್ದರೆ ಗುದ್ದಿದವನು ನೀನೇ, ವಿರಾಮಕ್ಕೆ ಮುಂಚೆಯೇ ಬಿದ್ದಿದ್ದರೆ ಎಮಿಲ್ ನಿನ್ನ ಬದಲಿಗೆ ಮತ್ತೆ ಇಳಿದಿರುತ್ತಾನೆ, ಹಾಗಾದರೆ ಅವನೇ, ಆದರೆ ಮೊದಲರ್ಧದಲ್ಲಿ ನೀನು ಆಡದೆ ಪೆಟ್ಟು ಬಿದ್ದದ್ದಾದರೂ ಹೇಗೆ, ಅವತ್ತೇ ಒಪ್ಪಂದ ಮುರಿದಿದ್ದೆವೇ, ತಲೆ ಮೊಸರುಗಡಿಗೆಯಾಗಿದೆ, ಎತ್ತ ಕಡೆದರೂ ಬೆಣ್ಣೆ ಬರುವುದಿಲ್ಲ. ಇಷ್ಟು ವರ್ಷ ಈ ಗೊಂದಲವೇ ಇರಲಿಲ್ಲ, ಯಾಕೆಂದರೆ ಎಮಿಲ್ ಹೋಗುತ್ತಿದ್ದನಲ್ಲ. ಈಸ್ಟರ್ ಬಂದರೆ ಸಾಕು, ಹಂದಿತೊಡೆ ಬೇಯಿಸಿ, ಬೀಟ್‌ರೂಟು ಮೂಲಂಗಿಯ ಚಟ್ನಿ ಬಾಟಲಿಗೆ ತುಂಬಿ ಹಾಲ್ಸ್‌ಬರ್ಗಿಗೆ ಕಾರು ಬಿಡುತ್ತಿದ್ದ, ಕ್ಲೇಟನ್ ಮನೆಗೆ, ಹೊರಡುವ ಮುಂಚೆ ನಮ್ಮ ಮನೆ ಮುಂದೆ ನಿಲ್ಲಿಸಿ, ಕಿಟಕಿ ಇಳಿಸಿ, ಬರ್ತೀಯೇನೋ ಅನ್ನುತ್ತಿದ್ದ, ಪಾಳಿ ಇದೆ ಕಣೋ ಅನ್ನುತ್ತಿದ್ದೆ, ಈಸ್ಟರ್ ದಿನ ಯಾವ ಕಾರ್ಖಾನೆಯ ಪಾಳಿ, ಅವನಿಗೆ ಗೊತ್ತಿರಲಿಲ್ಲವೇ, ಸರಿ ಬಿಡು ಅಂತ ಕಿಟಕಿ ಏರಿಸಿ ಹೋಗುತ್ತಿದ್ದ. ನಾನು ಒಳಗೆ ಬಂದು ಸಮಾಧಾನವಾಗಿ ಉಣ್ಣುತ್ತಿದ್ದೆ. ಹೋಗ್ತಾನೆ ಅಂದರೆ ಹೊಡೆದವನು ಅವನೇ, ತಪ್ಪು ಮಾಡದವನು ಯಾರಾದರೂ ಮೂವತ್ತು ವರ್ಷ ಹಂದಿತೊಡೆ ಹೊರುತ್ತಾನೆಯೇ, ಎಂದು ಲೆಕ್ಕ ಮುಗಿಸಿಬಿಟ್ಟಿದ್ದೆ. ಹೊರುತ್ತಾನೇನೋ. ನನ್ನ ಪಾಲಿನದನ್ನೂ ಹೊತ್ತನೇನೋ. ಕೇಳೋಣ ಅಂದರೆ ಮಣ್ಣೊಳಗಿದ್ದಾನೆ, ಬದುಕಿದ್ದಾಗ ಕೇಳಲಿಲ್ಲ, ಕೇಳಿದರೆ ಹೇಳಿಬಿಡುತ್ತಾನೆ ಅಂತ ಭಯ, ಹೌದು ಭಯವೇ, ನಾನು ಹೇಡಿ, ಇದನ್ನಾದರೂ ಒಪ್ಪಿಕೊಳ್ಳಬಹುದು, ಇದಕ್ಕೆ ಫೋಟೋ ಬೇಕಿಲ್ಲ.

ಚೀಟಿ ಕಿತ್ತು ಜೇಬಿಗೆ ಹಾಕಿಕೊಂಡರೆ? ಲೂಯೆಲಾ, ನನ್ನ ನೆನಪು ತಪ್ಪು, ಆವತ್ತು ಪೂರ್ತಿ ಎಮಿಲ್ ಅಂತ ಬರೀರಿ ಅಂದರೆ ಬರೆದುಕೊಳ್ಳುತ್ತಾಳೆ, ಸತ್ತವನು ಎದ್ದು ಬಂದು ಅಲ್ಲ ಅನ್ನುವುದಿಲ್ಲ, ಅವನ ಹೆಂಡತಿ ಅಲ್ಲಿ ಎರಡನೇ ಮೇಜಿನಲ್ಲಿ ಕೂತು ನಗುತ್ತಿದ್ದಾಳೆ, ಅವಳ ಮುಖ ನೋಡಿಕೊಂಡು ಹೇಳಲಾಗುತ್ತದೆಯೇ, ಹಿಂದಿನಿಂದ ಹೇಳಬಹುದು — ಥೂ. ಮತ್ತೆ ಮುಖದ ಮೇಲೆ ಜೆರ್ಸಿ, ಕೈ ಮೇಲೆ, ಕತ್ತಲು, ಯಾರೋ ಅಂಚು ಹಿಡಿದಿದ್ದಾರೆ, ಹೌದು, ಎಮಿಲ್‌ನ ಕೈ, ಹೆಬ್ಬೆರಳು ನನ್ನ ಪಕ್ಕೆಗೆ ತಾಗುತ್ತಿದೆ, ಇದು ಹೊಸದು, ಇದು ಇಷ್ಟು ದಿನ ಇರಲಿಲ್ಲ, ನಿಜವೋ ಈಗ ನಾನೇ ಹೊಲಿದದ್ದೋ. ಮೇಲಕ್ಕೆ ಎಳೆಯುತ್ತಿದ್ದಾನೋ ಕೆಳಕ್ಕೋ. ಲೂಯೆಲಾ ಬರುತ್ತಿದ್ದಾಳೆ, ಪೆನ್ನು ಕಿವಿಯ ಮೇಲೆ, ಅವಳ ಹಿಂದೆ ಬಾಗಿಲು ಎರಡೂ ಕಡೆ ತೆರೆದುಕೊಂಡಿತು, ಗಾಲಿಕುರ್ಚಿ, ಅದರಲ್ಲಿ ಸಣ್ಣಗಾದ ಮುದುಕ, ನೀಲಿ ಕೋಟು, ಇವನೇನಾ ಅಂಥ ಓಟ ಓಡಿದವನು, ತಂಗಿ ತಳ್ಳಿಕೊಂಡು ನೇರ ನನ್ನ ಕಡೆಗೇ, ನಾನು ಎದ್ದು ನಿಂತೆ, ಅವನ ಮುಂದೆ ನಿಂತದ್ದೇ ನಾಚಿಕೆಯಾಗಿ ಮತ್ತೆ ಕೂತೆ. ಅವನು ನನ್ನ ಎದೆಯ ಚೀಟಿ ಓದಿದ. ಎಮಿಲ್ ಪ್ರತಿ ಸಲ ನಿನ್ ಹೆಸರು ಹೇಳ್ತಿದ್ದ, ಮುಂದಿನ್ ಸಲ ಕರ್ಕೊಂಡ್ ಬರ್ತೀನಿ ಅಂತಿದ್ದ, ಅಂದ. ನಾನು ಬಾಯಿ ತೆರೆದೆ, ಬಂದದ್ದು ಇಷ್ಟೇ, ಕ್ಲೇಟನ್, ಅವತ್ತು ಅದು ನಾನಾ ಅವನಾ, ನಂಗೆ ಗೊತ್ತಿಲ್ಲ, ಆಣೆ ಮಾಡಿ ಹೇಳ್ತೀನಿ, ಗೊತ್ತಿಲ್ಲ.

ಅವನು ತಲೆಯಾಡಿಸಿದ, ಸಿಟ್ಟಿಲ್ಲ, ಸಿಟ್ಟಾದರೂ ಇರಬಾರದಿತ್ತೇ.

ಎಮಿಲ್‌ಗೂ ಗೊತ್ತಿರ್ಲಿಲ್ಲ, ಅಂದ ಕ್ಲೇಟನ್. ಆದ್ರೂ ಬರ್ತಿದ್ದ.

ಲೂಯೆಲಾ ಏನೋ ಕೇಳುತ್ತಿದ್ದಾಳೆ, ಎರಡನೇ ಅರ್ಧಕ್ಕೆ ಯಾರ ಹೆಸರು ಬರೀಲಿ ಅಂತಲೇ ಇರಬೇಕು, ಕೇಳಿಸುತ್ತಿಲ್ಲ, ಕೈ ಎರಡೂ ಮೇಲಕ್ಕೆ, ಒದ್ದೆ ಬಟ್ಟೆ, ಮೂಗು ಬಾಯಿ ಮುಚ್ಚಿ, ಅಂಚು ಹಿಡಿದ ಕೈ ಬಿಟ್ಟುಹೋಗಿದೆ, ಅತ್ತಲೂ ಇಲ್ಲ, ಇತ್ತಲೂ ಇಲ್ಲ, ಮುಖದ ಮೇಲೆ ಜೆರ್ಸಿ, ಮುಖದ ಮೇಲೆ