ಸಿಳ್ಳೆ ಮೇಡಂ ಹಲ್ಲು

ಮಾತುಗಳು ಕಿವಿಗೆ ಹಾರುವ ಮುಂಚೆ ತುಟಿಯ ಮೇಲೆ ಕೂತು ಒಂದು ಗಳಿಗೆ ಸುಧಾರಿಸಿಕೊಳ್ಳುತ್ತಿದ್ದ ಒಂದಾನೊಂದು ಕಾಲದಲ್ಲಿ ಒಂದು ಹೈಸ್ಕೂಲಿತ್ತು. ಅದರ ಕೊನೆಯ ಬೆಂಚಿನಲ್ಲಿ ಕಿವಿ ಮಂದವಾದ ಹುಡುಗಿಯೊಬ್ಬಳು ಕೂರುತ್ತಿದ್ದಳು. ಕೆಪ್ಪಿ ಎನ್ನಿಸಿಕೊಳ್ಳುವುದಕ್ಕಿಂತ ದಡ್ಡಿ ಎನ್ನಿಸಿಕೊಳ್ಳುವುದೇ ವಾಸಿ ಎಂದು ಆ ಗುಟ್ಟನ್ನು ಅವಳು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ಉಳಿದ ಮೇಷ್ಟರೆಲ್ಲ ಪಾಠವನ್ನು ಬೋರ್ಡಿಗೇ ಹೇಳುತ್ತಿದ್ದರು. ಹುಡುಗಿಗೆ ಕಾಣುತ್ತಿದ್ದದ್ದು ಅವರ ಬೆನ್ನು ಮಾತ್ರ. ಚರಿತ್ರೆಯ ಮೇಡಂ ಹಾಗಲ್ಲ. ಬರೆಯಬೇಕಾದ್ದನ್ನು ಬೆಲ್ ಹೊಡೆಯುವ ಮುಂಚೆಯೇ ಬರೆದಿಟ್ಟು, ತರಗತಿಯತ್ತ ಮುಖ ಮಾಡಿ ನಿಂತು, ಒಂದೊಂದು ಮಾತನ್ನೂ ತುಟಿಯಿಂದ ಬಿಡಿಸಿ ಬಿಡಿಸಿ ಇಡುತ್ತಿದ್ದರು. ಅವರ ಮುಂದಿನ ಎರಡು ಹಲ್ಲುಗಳ ನಡುವೆ ಸಂದಿಯಿತ್ತು. 'ಸ' ಬಂದಾಗಲೆಲ್ಲ ಅದರಿಂದ ಸಣ್ಣ ಸಿಳ್ಳೆ ಹೊರಡುತ್ತಿತ್ತು. ಮಕ್ಕಳ ಬಾಯಲ್ಲಿ ಅವರು ಸಿಳ್ಳೆ ಮೇಡಂ.

ಮೇಡಂಗೆ ನನ್ನ ಗುಟ್ಟು ಗೊತ್ತು, ನನಗಾಗಿಯೇ ಹೀಗೆ ನಿಲ್ಲುತ್ತಾರೆ ಎಂದು ಹುಡುಗಿ ನಂಬಿದಳು. ಆ ನಂಬಿಕೆಯ ಸೆರಗು ಹಿಡಿದೇ ಬಾಯಿ, ದವಡೆ, ಹಲ್ಲುಗಳ ಹಿಂದೆ ಬಿದ್ದಳು. ಕಟ್ಟುಹಲ್ಲು ಮಾಡುವ ಕಸುಬು ಕಲಿತಳು. ಈಗ ಅವಳ ಕಿವಿಯಲ್ಲೊಂದು ಯಂತ್ರವಿದೆ, ಆದರೂ ತುಟಿ ನೋಡದೆ ಮಾತು ಪೂರ್ತಿ ದಕ್ಕದು; ದಂತವೈದ್ಯರ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಮೇಣ, ಚಾಕು, ಸ್ಪಿರಿಟ್ ದೀಪಗಳ ಮೇಜಿದೆ. ಅಲ್ಲಿ ಎಲ್ಲರೂ ಅವಳನ್ನು ಕರೆಯುವುದು ಹಲ್ಲಕ್ಕ ಎಂದೇ.

ಒಂದು ಬೆಳಿಗ್ಗೆ ನಡುವಯಸ್ಸಿನ ಹೆಂಗಸೊಬ್ಬಳು ತನ್ನ ತಾಯಿಯ ಕೈ ಹಿಡಿದು ಬಂದಳು. ತಾಯಿಯನ್ನು ನೋಡಿ ಹಲ್ಲಕ್ಕ ಕೂತಲ್ಲೇ ಕಲ್ಲಾದಳು. ಸಿಳ್ಳೆ ಮೇಡಂ. ಕೆನ್ನೆ ಒಳಗೆ ಕುಸಿದಿತ್ತು, ತುಟಿಗಳು ಮಡಚಿಕೊಂಡಿದ್ದವು.

"ಹಲ್ಲೆಲ್ಲ ಕೀಳಿಸಿದ ಮೇಲೆ ಅಮ್ಮ ಮಾತೇ ಬಿಟ್ಬಿಟ್ಟಿದ್ದಾರೆ, ಅಕ್ಕ" ಎಂದಳು ಮಗಳು. "ಫೋನಲ್ಲೂ ಬರೀ ತಲೆ ಆಡಿಸ್ತಾರೆ. ಆ ಕಡೆಯವರಿಗೆ ಅದು ಕಾಣುತ್ತಾ ನೀವೇ ಹೇಳಿ."

"ಅವರು ಮೊದಲಿನ ಹಾಗೆ ಮಾತಾಡಬೇಕು, ಅಷ್ಟೇ ತಾನೇ? ಅದು ನನ್ನ ಹೊಣೆ."

ಮೇಡಂ ಏನೋ ಅಂದರು. ಹಲ್ಲಕ್ಕ ಆ ತುಟಿಗಳನ್ನೇ ದಿಟ್ಟಿಸಿದಳು. ಕೊನೆಯ ಬೆಂಚಿನಿಂದ ಒಂದಕ್ಷರ ಬಿಡದೆ ಓದುತ್ತಿದ್ದ ಬಾಯಿ ಅದು. ಈಗ ಮೊಳದಷ್ಟು ಹತ್ತಿರದಲ್ಲಿದ್ದರೂ ಒಂದು ಮಾತೂ ಸಿಗಲಿಲ್ಲ.

"ನೀರು ಕೇಳ್ತಿದ್ದಾರೆ" ಎಂದಳು ಮಗಳು.

ಆ ವಾರವೆಲ್ಲ ಹಲ್ಲಕ್ಕ ಬೇರೆ ಕೆಲಸ ಮುಟ್ಟಲಿಲ್ಲ. ಪ್ಲಾಸ್ಟರಿನ ಅಚ್ಚಿನ ಮೇಲೆ ಗುಲಾಬಿ ಮೇಣದ ಒಸಡು ಕಟ್ಟಿ, ಅದರಲ್ಲಿ ಹಲ್ಲು ಕೂರಿಸಿದಳು. ಸಂದಿ ಎಲ್ಲಿತ್ತು, ಎಷ್ಟಿತ್ತು ಎಂಬುದು ಅವಳಿಗೆ ಕಣ್ಣು ಮುಚ್ಚಿದರೂ ಗೊತ್ತು. ಆದರೆ ಗುರುವಿನ ಬಾಯಿಗೆ ಕೈಯಾರೆ ಕುಂದು ಇಡುವುದುಂಟೆ? ಮುತ್ತು ಪೋಣಿಸಿದ ಹಾಗೆ, ಗಾಳಿಯೂ ನುಸುಳದಂತೆ ಜೋಡಿಸಿದಳು.

ಮೇಣದ ಸೆಟ್ ಹಾಕಿ ನೋಡುವ ದಿನ ಮೇಡಂ ಕನ್ನಡಿ ಹಿಡಿದು ನಕ್ಕರು. ಆಮೇಲೆ ಬಾಯಿ ತೆರೆದು ಮಗಳನ್ನು ಕರೆದರು. ಮಗಳು ಬೆಚ್ಚಿ ಒಂದು ಹೆಜ್ಜೆ ಹಿಂದೆ ಸರಿದಳು. ಯಾರೋ ಬೇರೆ ಹೆಂಗಸು ಕರೆದ ಹಾಗಿತ್ತು. ಮೇಡಂ ಮತ್ತೆರಡು ಮಾತು ತಡವರಿಸಿ, ಕೈಯಿಂದ ಬಾಯಿ ಮುಚ್ಚಿಕೊಂಡರು.

ಹಲ್ಲಕ್ಕನಿಗೆ ನಾಚಿಕೆಯಾಯಿತು. "ತಪ್ಪಾಯ್ತು ಮೇಡಂ. ನಿಮ್ಮ ಬಾಯಿ ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ನಾನು ನಿಮ್ಮ ಸ್ಟೂಡೆಂಟು. ಕಿವಿ ಕೇಳ್ತಿರಲಿಲ್ಲ. ನನಗೋಸ್ಕರ ತಾನೇ ನೀವು ಒಂದಿನವೂ ಬೋರ್ಡಿನ ಕಡೆ ತಿರುಗ್ತಿರಲಿಲ್ಲ?"

ಮೇಡಂ ಅವಳ ಮುಖವನ್ನು ತುಂಬ ಹೊತ್ತು ಹುಡುಕಿದರು. ಆ ನುಣುಪಾದ ಹಲ್ಲುಗಳ ಹಿಂದಿನಿಂದ ಬಂದ ಮಾತು ಹಲ್ಲಕ್ಕನಿಗೆ ದಕ್ಕಲಿಲ್ಲ. ಮಗಳೇ ಹೇಳಬೇಕಾಯಿತು.

"ಅಮ್ಮನಿಗೆ ನಿಮ್ಮ ನೆನಪಿಲ್ವಂತೆ. ಕಿವಿ ವಿಷಯ ಗೊತ್ತೇ ಇರಲಿಲ್ವಂತೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಬೋರ್ಡಿಗೆ ತಿರುಗಿದಾಗ ಯಾರೋ ಬೆನ್ನಿಗೆ ಶಾಯಿ ಎರಚಿದ್ರಂತೆ. ಇಡೀ ಕ್ಲಾಸು ನಕ್ಕಿತಂತೆ. ಅವತ್ತಿನಿಂದ ಮಕ್ಕಳಿಗೆ ಬೆನ್ನು ಹಾಕೋಕೇ..." ಮಗಳ ಮಾತು ಅಲ್ಲಿಗೆ ನಿಂತಿತು. ಅವಳು ತಾಯಿಯ ಕಡೆ ತಿರುಗಿದಳು. "ಭಯ ಆಗ್ತಿತ್ತಾ? ನಿಮಗಾ? ನನಗೆ ಯಾವತ್ತೂ ಹೇಳಲೇ ಇಲ್ವಲ್ಲಮ್ಮಾ."

"ಮತ್ತೆ ಅಷ್ಟು ಬಿಡಿಸಿ ಬಿಡಿಸಿ ಹೇಳ್ತಿದ್ದದ್ದು?" ಎಂದಳು ಹಲ್ಲಕ್ಕ. ಅವಳ ದನಿ ಅವಳದೇ ಯಂತ್ರಕ್ಕೂ ಸರಿಯಾಗಿ ಕೇಳಲಿಲ್ಲ.

ಮೇಡಂ ತಲೆ ತಗ್ಗಿಸಿ ಏನೋ ಗೊಣಗಿದರು.

"ಸಿಳ್ಳೆ ಕೇಳಿಸಬಾರದು ಅಂತ" ಎಂದಳು ಮಗಳು, ಮೆಲ್ಲಗೆ.

ಹಲ್ಲಕ್ಕ ಮೇಣದ ಸೆಟ್ಟನ್ನು ಇಸಿದುಕೊಂಡು ಹಿಂದಿನ ಕೋಣೆಗೆ ಹೋಗಿ ಸ್ಟೂಲಿನ ಮೇಲೆ ಕುಸಿದಳು. ತನಗಾಗಿ ಯಾರೂ ನಿಂತಿರಲಿಲ್ಲ. ಇಷ್ಟು ವರ್ಷ ಎದೆಯಲ್ಲಿಟ್ಟು ಪೂಜಿಸಿದ್ದು ಒಂದು ಹೆದರಿಕೆಯನ್ನು, ಒಂದು ನಾಚಿಕೆಯನ್ನು. ಹಾಗಾದರೆ ಈ ಕಸುಬು, ಈ ಮೇಜು, ಈ ಹೆಸರು ಯಾವುದರ ಮೇಲೆ ನಿಂತಿದ್ದವು? ಸೆಟ್ ಇದ್ದ ಹಾಗೇ ಇರಲಿ, ಬೇಕಾದವರು ಮುಗಿಸಿಕೊಳ್ಳಲಿ ಎಂದೂ ಒಂದು ಮನಸ್ಸು ಹೇಳಿತು.

ಬಾಗಿಲಾಚೆ ಮೇಡಂ ಇನ್ನೂ ಬಾಯಿ ಮುಚ್ಚಿಕೊಂಡೇ ಕೂತಿದ್ದರು. ನೋಡಿದರೆ ಪಾಠ ಕೇಳಿಸದೆ, ಕೇಳಿಸಿತೆಂದು ತಲೆಯಾಡಿಸುವ ಕೊನೆಯ ಬೆಂಚಿನ ಹುಡುಗಿಯಂತೆ ಕಂಡರು.

ಹಲ್ಲಕ್ಕ ಎದ್ದುಹೋಗಿ ಕೇಳಿದಳು, "ಸಂದಿ ಬೇಕಾ ಮೇಡಂ, ಬೇಡವಾ? ಬೇಕು ಅಂದ್ರೆ ತಲೆ ಆಡಿಸಿ ಸಾಕು."

ಮೇಡಂ ತಲೆಯಾಡಿಸಿದರು. ಆಮೇಲೆ ಮಗಳ ಕಿವಿಯಲ್ಲಿ ಏನೋ ಅಂದರು.

"ಜೀವಮಾನವಿಡೀ ಬೈದಿದ್ದಾರಂತೆ ಆ ಸಂದಿಗೆ" ಎಂದಳು ಮಗಳು. "ಅದಿಲ್ಲದೆ ನಾಲಿಗೆಗೆ ದಾರಿ ಗೊತ್ತಾಗ್ತಿಲ್ವಂತೆ."

ವಿಷಯ ಕೇಳಿ ಕ್ಲಿನಿಕ್ಕಿನ ಡಾಕ್ಟರು ಹಣೆ ಚಚ್ಚಿಕೊಂಡರು. "ಸಂದಿ ಬಿಟ್ಟು ಹಲ್ಲು ಕಟ್ಟಿದ್ರೆ ನಮ್ಮ ಮರ್ಯಾದೆ ಏನಾಗಬೇಕು, ಹಲ್ಲಕ್ಕ?"

"ಮರ್ಯಾದೆ ನಿಮ್ದು, ಬಾಯಿ ಅವರ್ದು, ಡಾಕ್ಟ್ರೇ."

ಚಾಕು ಕಾಯಿಸಿ ಮೇಣ ಮೆದುವಾಗಿಸಿ, ಎರಡು ಹಲ್ಲುಗಳನ್ನು ಕೂದಲೆಳೆ ಕೂದಲೆಳೆಯಾಗಿ ಸರಿಸಿದಳು. ಕಣ್ಣು ಜಾಗ ತಪ್ಪಲಿಲ್ಲ. ಮುಂದಿನ ವಾರ ಮೇಣ ಹೋಗಿ ಗಟ್ಟಿ ಒಸಡಿನ ಸೆಟ್ ತಯಾರಾಯಿತು. ಮೇಡಂ ಅದನ್ನು ಹಾಕಿಕೊಂಡು ನಾಲಿಗೆಯನ್ನು ಒಮ್ಮೆ ಸುತ್ತ ಹೊರಳಿಸಿದರು. ಹಲ್ಲಕ್ಕ ಬಾಗಿಲ ಬಳಿಯೇ ನಿಂತಿದ್ದಳು, ಹತ್ತಿರ ಹೋಗಲು ಧೈರ್ಯ ಸಾಲದೆ.

ಮೇಡಂ ಮಗಳತ್ತ ತಿರುಗಿದರು. "ಸುಮ್ನೆ ನಿಂತಿದ್ದೀಯಲ್ಲೇ. ಸಕ್ಕರೆ ಮುಗಿದಿದೆ ಅಂತ ಸೋಮವಾರದಿಂದ ಸನ್ನೆ ಮಾಡ್ತಿದ್ದೀನಿ, ನೀನು ಸೋಪು ತಂದು ಇಟ್ಟಿದ್ದೀಯ."

ಮಗಳು ನಗಲೂ ಆಗದೆ ಅಳಲೂ ಆಗದೆ ಗೋಡೆಗೆ ಒರಗಿದಳು. ಬಾಗಿಲ ಬಳಿ ನಿಂತಿದ್ದ ಹಲ್ಲಕ್ಕ ಆ ತುಟಿಗಳಿಂದಲೇ ಓದಿಕೊಂಡಳು; ಮೇಡಂ ಏನಂದರೆಂದು ಈ ಸಲ ಯಾರನ್ನೂ ಕೇಳಲಿಲ್ಲ.