ಕೋಣೆ ಯಾರದು

ಉಗುರನ್ನು ಬುಡಮಟ್ಟ ಕತ್ತರಿಸಿಕೊಂಡಿದ್ದಾಳಲ್ಲ ಇವಳು, ಹತ್ತಕ್ಕೆ ಹತ್ತೂ, ಬೆರಳುಗಳೆಲ್ಲ ಬಿಸಿನೀರಿನಲ್ಲಿ ಬೆಂದ ಹಾಗೆ ಬೆಳ್ಳಗೆ — ಜಗಲಿಯ ಮೇಲೆ ಕೂತ ನರ್ಸು ದಾಕ್ಷಾಯಣಮ್ಮನ ಕೈ ಬಿಟ್ಟು ಚಿತ್ತಮ್ಮನ ಕಣ್ಣು ಏಳುತ್ತಿಲ್ಲ, ಕೈಚೀಲದ ಮೇಲೆ ಸರ್ಕಾರದ ಕುಟುಂಬ ಯೋಜನೆಯ ಕೆಂಪು ತ್ರಿಕೋನ ಬೇರೆ, ಮುಂದಿನ ಕೋಣೆ ಬಾಡಿಗೆಗೆ ಬೇಕಂತೆ, ಎರಡು ವರ್ಷದಲ್ಲಿ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಎಲ್ಲೂ ಒಂದು ವರ್ಷ ನೆಟ್ಟಗೆ ನಿಂತಿಲ್ಲ — ಮೂರೂರಲ್ಲಿ ನಿಲ್ದೋಳು ನಮ್ಮ ದುರ್ಗದಾಗೆ ನಿಂತಾಳೇನೇ, ಬ್ಯಾಡ ಅಂದು ಕಳ್ಸು, ಎಂದು ಗಂಡ ಗೊಲ್ಲಪ್ಪ ಬೆಳಿಗ್ಗೆ ಚಪ್ಪಲಿ ಮೆಟ್ಟುತ್ತಲೇ ಹೇಳಿ ತುರುವನೂರಿಗೆ ಕುರಿ ವ್ಯಾಪಾರಕ್ಕೆ ಹೋದ, ಅವನಿಗೇನು, ಕುರಿಯ ಬಾಯಿ ಬಿಡಿಸಿ ಹಲ್ಲೆಣಿಸಿದರಾಯಿತು, ಹೆಂಗಸಿನ ಬಾಯಿ ಬಿಡಿಸಬೇಕಾದವಳು ತಾನು — ಯಾಕವ್ವ ಮನೆ ಬಿಡಿಸಿದ್ರು, ಗಂಡಸ್ರು ಬಂದು ಹೋಗ್ತಿದ್ರಾ, ಸುತ್ತಿ ಬಳಸಬ್ಯಾಡ, ಇದ್ದದ್ದು ಹೇಳು — ಅವಳು ನಕ್ಕುಬಿಟ್ಟಳಲ್ಲ, ಹೆಂಗಸ್ರೇ ಬರ್ತಿದ್ರಮ್ಮ, ನೋವು ತಿಂತಾ ಬಾಗ್ಲಿಗೆ ಬಂದೋಳ್ನ ಬೀದೀಲಿ ನಿಲ್ಸಾಕಾಗ್ತದ, ಒಳಗೆ ಕರ್ಕಂಡು ನನ್ನ ಮಂಚದ ಮ್ಯಾಲೇ ಹೆರಿಗೆ ಮಾಡ್ಸಿದೆ, ಮನೆ ಮೈಲಿಗೆ ಮಾಡ್ದೆ ಅಂತ ಮೂರೂ ಕಡೆ ನನ್ನ ಟ್ರಂಕು ಎತ್ತಿ ಹೊರಗಿಟ್ರು, ಇಲ್ಲೂ ಅದ್ನೇ ಮಾಡೋಳು ನಾನು, ಬ್ಯಾಡ ಅಂದ್ರೆ ಈಗ್ಲೇ ಅನ್ರಿ.

ಅಬ್ಬಬ್ಬ, ಬಾಯಿ ನೋಡು, ಕುಲದೇವರ ಪೆಟ್ಟಿಗೆ ಇರುವ ಮನೆ ಇದು, ಹೆರಿಗೆಯ ಮೈಲಿಗೆ ಸೋಕುವಂತಿಲ್ಲ, ಬ್ಯಾಡ ಎನ್ನಲು ತುಟಿ ತೆರೆದೂ ಆಯಿತು, ಆದರೆ ಹೆರಿಗೆ ಅಂದಳಲ್ಲ ಇವಳು — ಕಾಟಮ್ಮ, ಇರುವ ಒಬ್ಬಳೇ ಮಗಳು, ಬಸುರಿಗೆ ಎಂಟು ತಿಂಗಳು ತುಂಬಿದೆ, ಅವಳ ಗಂಡನ ಗೊಲ್ಲರಹಟ್ಟಿಯವರು ಆಗಲೇ ಹಟ್ಟಿಯಾಚೆ ಸೋಗೆ ಹೊದಿಸಿ ಗುಡಿಸಲು ಎಬ್ಬಿಸುತ್ತಿದ್ದಾರೆ, ಹೆತ್ತವಳು ಮೈಲಿಗೆ ಕಳೆಯುವ ತನಕ ಕೂಸಿನ ಜೊತೆ ಅಲ್ಲೇ ಇರಬೇಕು, ಹೋದ ವರ್ಷವೂ ಅಲ್ಲೇ, ಚಿತ್ತೆ ಮಳೆ ಮೂರು ದಿನ ಬಿಡಲಿಲ್ಲ, ನೋಡಲು ಹೋದ ತಾನು ಹೊದ್ದಿದ್ದ ಕಂಬಳಿಯನ್ನೇ ಸುತ್ತಿದರೂ ಕೂಸು ಮೂರನೆಯ ದಿನಕ್ಕೆ ನೀಲಿಗಟ್ಟಿತು, ಕೆಸರಲ್ಲಿ ಕಾಟಮ್ಮನ ಊದಿದ ಪಾದ, ಕಾಲುಂಗುರ ಕಚ್ಚಿಕೊಂಡ ಬೆರಳು — ಈ ಸಲ ಇಲ್ಲಿಗೆ ಕರ್ಕಂಬರಾಣ ಎಂದರೆ ಗೊಲ್ಲಪ್ಪ ಸುತರಾಂ ಒಪ್ಪಲಿಲ್ಲ, ನಮ್ಮನೆ ಒಳಗೆ ಬಾಣಂತಿ ಬರಂಗಿಲ್ಲ ಕಣೇ, ನಮ್ಮನೆ, ನಮ್ಮನೆ — ತಡಿ, ತಡಿ ಚಿತ್ತಮ್ಮ, ಮುಂದಿನ ಕೋಣೆಗೆ ಬೀದಿ ಕಡೆ ಬೇರೆ ಬಾಗಿಲಿದೆ, ಮೊದಲು ಅಲ್ಲಿ ಬಾಡಿಗೆಗಿದ್ದ ಮೇಷ್ಟ್ರ ಅಡುಗೆಗೆ ತಾನು ಇಣುಕಿದಾಗ ಗದರಿದವನು ಯಾರು, ಬಾಡ್ಗೆ ಕೊಟ್ಮ್ಯಾಲೆ ಅದು ಅವ್ರ ಮನೆ, ನಿಂಗೇನೇ ಅಲ್ಲಿ ಕೆಲ್ಸ, ಇದೇ ಗೊಲ್ಲಪ್ಪ, ಇದೇ ಬಾಯಲ್ಲಿ! ಅವ್ರ ಮನೆ! ಆಡಿದ ಮಾತನ್ನು ಈಗ ನುಂಗಲಿ ನೋಡೋಣ, ಸೊಂಟಕ್ಕೆ ಕಟ್ಟಿದ ಕೋಣೆಯ ಬೀಗದ ಕೈಯ ಗಂಟೇ ಬಿಚ್ಚುತ್ತಿಲ್ಲ — ಸಿಸ್ಟ್ರಮ್ಮ, ಮಂಚ ಎಷ್ಟುದ್ದ ಐತೆ — ಆರಡಿ, ಯಾಕಮ್ಮ — ನನ್ನ ಮಗಳು ಎತ್ರದಾಳು ಕಣವ್ವ — ದಾಕ್ಷಾಯಣಮ್ಮ ಉಗುರಿಲ್ಲದ ಆ ಬೆರಳುಗಳಿಂದಲೇ ಗಂಟು ಸಡಿಲಿಸಿದಳು, ಎಷ್ಟನೇ ತಿಂಗ್ಳು ಎಂದಳಷ್ಟೇ, ನಾಳೆ ಮೊದಲ ಬಸ್ಸಿಗೇ ಹೋಗಿ ಮಗಳನ್ನು ಕರೆತರಬೇಕು, ಬೀಗರು ಬೈಯಲಿ, ಹಟ್ಟಿಯೇ ಬೈಯಲಿ, ಕಾಟಮ್ಮ ಬಸ್ಸಿಳಿದು ಬೀದಿ ಬಾಗಿಲಿಗೇ ಬರುತ್ತಾಳೆ, ಕೆಂಪು ಗಾರೆಯ ಹೊಸಲು, ಅದರ ಮೇಲೆ ಊದಿದ ಪಾದ, ಕಾಲುಂಗುರ ಕಚ್ಚಿಕೊಂಡ ಬೆರಳು, ಒಂದು ಕಾಲು ಇನ್ನೂ ಬೀದಿಯಲ್ಲಿ, ಎತ್ತವ್ವ, ಎತ್ತು — ಊದಿದ ಪಾದ, ಹೊಸಲಿನ ಒಳಗೆ, ಊದಿದ ಪಾದ, ಒಳಗೆ —