ಕೈ ತೊಳೆಯುವ ನೀರು

ನೊಲುವೊ ಎರಡು ಬೇಸಿನ್‌ಗಳನ್ನು ಗೇಟಿನ ಹೊರಗೆ ಮೇಜಿನ ಮೇಲಿಟ್ಟಳು. ಪಕ್ಕದಲ್ಲಿ ಸೋಪು ಇಟ್ಟಳು, ಮಡಿಸಿದ ಟವೆಲ್ ಇಟ್ಟಳು. ನೀರು ಮಾತ್ರ ಹಾಕಲಿಲ್ಲ. ಅಷ್ಟರಲ್ಲಿ ಸ್ಮಶಾನದಿಂದ ಹಿಂತಿರುಗಿದ ಮೊದಲ ಬಸ್ಸು ಬೀದಿಯ ತುದಿಯಲ್ಲಿ ಕಂಡಿತು. ಅವಳು ಅಡುಗೆ ನೋಡಿಕೊಳ್ಳಲು ಮನೆಯಲ್ಲೇ ಉಳಿದಿದ್ದಳು.

"ಚಿಕ್ಕಮ್ಮ, ನೀರೆಲ್ಲಿ?" ಮೊದಲು ಇಳಿದುಬಂದ ಖಾನ್ಯಾ ಕೇಳಿದಳು. ತೀರಿಕೊಂಡ ಮಾಭೇಲೆಯ ಒಬ್ಬಳೇ ಮಗಳು. ಮಾತು ಕಲಿತಾಗಿನಿಂದ ಅಮ್ಮನ ಗೆಳತಿಯನ್ನು ಚಿಕ್ಕಮ್ಮ ಎಂದೇ ಕರೆದವಳು.

"ನಲ್ಲೀಲಿ ಬಂದ್ರೆ ಇರುತ್ತೆ."

"ನಲ್ಲೀಲಿ ಬಂದು ಹದಿನಾಲ್ಕು ತಿಂಗಳಾಯ್ತು. ಮೇಲಿನ ಬೀದಿಯಿಂದ ಹೊತ್ತು ತಂದಿದ್ದೇನಾಯ್ತು?"

"ಅದು ಅಡುಗೆಗೆ. ಕೈ ತೊಳೆಯೋಕೆ ಹೊರಗಿಂದ ಒಂದು ಹನೀನೂ ತರಬಾರ್ದು ಅಂತ ನಿಮ್ಮಮ್ಮ ಭಾಷೆ ತಗೊಂಡಿದ್ದಾಳೆ."

"ಇನ್ನೂರು ಜನ ಬರ್ತಿದಾರೆ ಚಿಕ್ಕಮ್ಮ. ಅಮ್ಮನ ಮಾನ ಬೀದಿಗೆ ಬರುತ್ತೆ."

"ಬೀದಿಗೇ ಬರ್ಲಿ ಅಂದಿದಾಳೆ."

ಗೋರಿಯ ಮಣ್ಣು ಮುಟ್ಟಿದ ಕೈಯನ್ನು ಗೇಟಿನಲ್ಲೇ ತೊಳೆಯದೆ ಯಾರೂ ಒಳಗೆ ಕಾಲಿಡುವಂತಿಲ್ಲ. ಪಾದ್ರಿಯಾದರೂ ಅಷ್ಟೇ, ಕೌನ್ಸಿಲರ್ ಆದರೂ ಅಷ್ಟೇ. ಒಳಗೆ ಶಾಮಿಯಾನದ ಕೆಳಗೆ ದನದ ಮಾಂಸ ಕುದಿಯುತ್ತಿತ್ತು, ಜೋಳ–ಕಾಳಿನ ಹಂಡೆ ಇಳಿಸಿಯಾಗಿತ್ತು, ಬೀಟ್‌ರೂಟ್ ಹೆಚ್ಚಿಟ್ಟಿತ್ತು. ಬಸ್ಸಿನ ಹಿಂದೆಯೇ ಬಂದ ಬಿಳಿ ಕಾರಿನಿಂದ ಕೌನ್ಸಿಲರ್ ವುಯಿಸಿಲೆ ಇಳಿದ. ಅವನು ಸಿಟ್ಟಿನಿಂದ ಹೊರಟುಹೋದರೆ ಗತಿಯೇನು ಎಂದು ನೊಲುವೊ ಹೆದರಿದಳು. ನೀರೂ ಇಲ್ಲ, ಗೆಳತಿಯ ಕೊನೆಯ ದಿನವೂ ನಗೆಪಾಟಲು.

*

ಮಾಭೇಲೆ ಮೂವತ್ತು ವರ್ಷ ಆಸ್ಪತ್ರೆಯ ಬಟ್ಟೆ ಒಗೆದವಳು. ಕೆಲಸದಲ್ಲಿ ಮೊಣಕೈವರೆಗೆ ನೀರು, ನಿವೃತ್ತಿಯಾದ ಮೇಲೆ ಮನೆಯಲ್ಲಿ ಮುಖ ತೊಳೆಯಲು ಒಂದು ಚೊಂಬು. ನಲ್ಲಿ ನಿಂತ ಮೇಲೆ ವಾರ್ಡಿನ ಒಂದು ಸಭೆಯನ್ನೂ ತಪ್ಪಿಸಲಿಲ್ಲ. ಇಸ್ತ್ರಿ ಮಾಡಿದ ಲಂಗ, ಹಸಿರು ಟೋಪಿ, ಮೊದಲ ಸಾಲಿನ ಕುರ್ಚಿ. ಪಕ್ಕದಲ್ಲಿ ನೊಲುವೊ, ಬಾಯಿಗೆ ಬೀಗ ಹಾಕಿಕೊಂಡು.

"ಪೈಪು ಸರಿಯಾಗೇ ಇದೆ. ಮೂಲೇಲಿ ವಾಲ್ವ್ ಮುಚ್ಚಿದಾರೆ, ತೆರೀರಿ," ಎನ್ನುವುದು ಮಾಭೇಲೆಯ ಒಂದೇ ಮಾತು. ಕೌನ್ಸಿಲರ್ ಬರುತ್ತಿರಲಿಲ್ಲ. ಅವನ ಪರವಾಗಿ ಬಂದ ಗುಮಾಸ್ತ, "ನಿಮ್ಮ ದೂರು ಬರ್ಕೊಂಡಿದೀವಿ," ಎನ್ನುತ್ತಿದ್ದ.

ಒಮ್ಮೆ ಮಾಭೇಲೆ ಎದ್ದು ಹೋಗಿ ಅವನ ಕಾಗದ ಬಗ್ಗಿ ನೋಡಿದಳು. ಅದರಲ್ಲಿ ಒಂದು ಕೋಳಿಯ ಚಿತ್ರವಿತ್ತು.

"ಕೋಳಿ ಚೆನ್ನಾಗಿದೆ ಮಗ," ಎಂದಳು. "ಅದಕ್ಕೂ ಕುಡಿಯೋಕೆ ನೀರು ಬೇಕಲ್ಲ, ಅದನ್ನೂ ಬರ್ಕೋ."

ಸಭೆಗೆ ಸಭೆಯೇ ನಕ್ಕಿತು. ನೀರು ಬರಲಿಲ್ಲ. ಹಾಸಿಗೆ ಹಿಡಿದ ಮೇಲೆ ಒಂದು ಮಧ್ಯಾಹ್ನ ಅವಳು ನೊಲುವೊಳ ಕೈ ಹಿಡಿದಳು. "ಆ ಮನುಷ್ಯ ಮೀಟಿಂಗ್ ತಪ್ಪಿಸ್ತಾನೆ, ಮಣ್ಣು ಮಾತ್ರ ತಪ್ಪಿಸಲ್ಲ ಕಣೆ. ನನ್ನ ಮಣ್ಣಿಗೂ ಬರ್ತಾನೆ. ಬೇಸಿನ್ ಖಾಲಿ ಇಡು."

"ನಂಗೆ ಮಾತಾಡೋಕೆ ಬರಲ್ಲ ಮಾಭೇಲೆ."

"ಖಾಲಿ ಬೇಸಿನ್ ಇಡೋಕೆ ಬರುತ್ತಲ್ಲ, ಸಾಕು."

*

ವುಯಿಸಿಲೆ ಬೇಸಿನ್ ನೋಡಿದ, ನೊಲುವೊಳನ್ನು ನೋಡಿದ. "ಅಮ್ಮ, ನೀರು?"

ನೊಲುವೊ ಖಾಲಿ ಬೇಸಿನ್ನನ್ನು ಅವನತ್ತ ಸರಿಸಿದಳು. "ಅದನ್ನ ನೀವೇ ಹೇಳ್ಬೇಕು ಯಜಮಾನ್ರೆ."

ಹಿಂದೆ ಯಾರೋ ಕಿಸಕ್ಕೆಂದರು. ಡ್ರೈವರ್ ಓಡಿಹೋಗಿ ಕಾರಿನಿಂದ ಒಂದು ಬಾಟಲಿ ತಂದ.

"ಸರಿ, ಇನ್ನೂರು ಜನಕ್ಕೆ ಹಂಚಿ," ಎಂದಳು ನೊಲುವೊ. ಮಾತು ತನ್ನಿಂದಲೇ ಬಂತೇ ಎಂದು ಅವಳಿಗೇ ಆಶ್ಚರ್ಯವಾಯಿತು.

"ನಾನು ಮನೇಲೇ ತೊಳ್ಕೊತೀನಿ, ಬಿಡಿ," ಎಂದ ವುಯಿಸಿಲೆ.

"ಗೋರಿ ಮಣ್ಣು ಹೊತ್ಕೊಂಡು ಮನೆಗೆ ಹೋಗ್ತೀರಾ? ಸಣ್ಣ ಮಕ್ಕಳಿರೋ ಮನೆ."

ವುಯಿಸಿಲೆ ಕೈಗಳನ್ನು ಮೈಯಿಂದ ದೂರ ಹಿಡಿದು ನಿಂತ. ಪಾದ್ರಿ ನಿಟ್ಟುಸಿರು ಬಿಟ್ಟು, "ನಂಗೂ ಹಸಿವಾಗ್ತಿದೆ ಅಪ್ಪ. ಬೇಗ ಒಂದು ಫೋನ್ ಮಾಡು," ಎಂದರು. ಇನ್ನೂರು ಹೊಟ್ಟೆಗಳು ಅವನನ್ನೇ ನೋಡುತ್ತಿದ್ದವು. ಯಾರೋ ಹಾಡು ಎತ್ತಿಕೊಂಡರು. ಮಾಭೇಲೆಗೆ ಇಷ್ಟವಾದ ಕುಣಿಸುವ ಭಜನೆ. ಹೆಂಗಸರು ಬೀದಿಯಲ್ಲೇ ಹೆಜ್ಜೆ ಹಾಕತೊಡಗಿದರು. ವುಯಿಸಿಲೆ ಡ್ರೈವರ್ ಕೈಯಲ್ಲಿ ನಂಬರ್ ಒತ್ತಿಸಿ ಕಿವಿಗೆ ಹಿಡಿಸಿಕೊಂಡ.

ಅರ್ಧ ಗಂಟೆಯಲ್ಲಿ ನೀರಿನ ಇಲಾಖೆಯ ಲಾರಿ ಬಂತು. ಅದರಿಂದ ಇಳಿದ ಗಿಡ್ಡ ಮನುಷ್ಯ ಮೂಲೆಯ ಕಬ್ಬಿಣದ ಮುಚ್ಚಳ ಎತ್ತಿ, ಉದ್ದನೆಯ ಕೀಲಿ ಇಳಿಸಿ ಏಳೆಂಟು ಸುತ್ತು ತಿರುಗಿಸಿದ. ಅಷ್ಟೇ ಕೆಲಸ. ಮಾಭೇಲೆಯ ಅಂಗಳದ ನಲ್ಲಿ ಕೆಮ್ಮಿತು, ಕೆಂಪು ನೀರು ಉಗುಳಿತು, ಆಮೇಲೆ ಧಾರೆಯಾಗಿ ಸುರಿಯಿತು. ನೊಲುವೊ ಬೇಸಿನ್ ತುಂಬಿ ತಂದಳು. ನಗುತ್ತಿದ್ದಳು, ಕಣ್ಣಲ್ಲೂ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ವುಯಿಸಿಲೆ ಮೊದಲು ಕೈ ತೊಳೆದ, ಆಮೇಲೆ ಪಾದ್ರಿ, ಆಮೇಲೆ ಎಲ್ಲರೂ.

"ಯಾಕೆ ಮುಚ್ಚಿದ್ರಿ ಇದನ್ನ?" ಖಾನ್ಯಾ ಕೀಲಿಯವನನ್ನು ಕೇಳಿದಳು.

"ಯಾವಾಗ್ಲೋ ರಿಪೇರಿಗೆ ಅಂತ ಮುಚ್ಚಿದ್ದು ತಾಯಿ. ತೆರೀರಿ ಅಂತ ಕಾಗದ ಬರ್ಲಿಲ್ಲ. ಈಗ್ಲೂ ಬಂದಿಲ್ಲ, ಬಾಯಿಮಾತಷ್ಟೇ. ಊಟ ಮುಗೀಲಿ, ಸಂಜೆ ಬಂದು ಮುಚ್ಚಬೇಕು."

ನೊಲುವೊ ಕೌನ್ಸಿಲರ್ ಕಡೆ ತಿರುಗಿದಳು. ಅವನು ಆಗಲೇ ಶಾಮಿಯಾನದೊಳಗೆ ಎಲುಬು ಚೀಪುತ್ತಿದ್ದ.

ಖಾನ್ಯಾ ಒಳಗೆ ಹೋದಳು. ಒಂದು ಕೈಯಲ್ಲಿ ಕುರ್ಚಿ, ಇನ್ನೊಂದರಲ್ಲಿ ತುಂಬಿದ ತಟ್ಟೆ ಹಿಡಿದು ಬಂದಳು. ಕುರ್ಚಿಯನ್ನು ಆ ಕಬ್ಬಿಣದ ಮುಚ್ಚಳದ ಮೇಲಿಟ್ಟು, ಕಪ್ಪು ಲಂಗ ಸರಿಪಡಿಸಿಕೊಂಡು ಕೂತಳು.

"ಚಿಕ್ಕಮ್ಮ, ಕಾಗದ ಬರೋ ತನಕ ನಂಗೆ ಊಟ ಇಲ್ಲಿಗೇ ಕಳಿಸಿ," ಎಂದು ಮಾಂಸದ ತುಂಡೊಂದನ್ನು ಬಾಯಿಗಿಟ್ಟುಕೊಂಡಳು. ನೊಲುವೊ ತಾನೂ ಒಂದು ಕುರ್ಚಿ ತರಲು ಓಡಿದಳು.